ಹಗೇವಿಗೆ ಇಳಿದ ಕಾಕಾ

ಮಸೂತಿ ಊರಿನ ಕಸ್ತೂರೆವ್ವನ ಮನೆಯಂಗಳದಲ್ಲಿ ಹಳೆಯದೊಂದು ಹಗೇವು ಇತ್ತು. ಜೋಳ ತುಂಬಿಡಲು ಹಿರಿಯರು ನೆಲದೊಳಗೆ ತೋಡಿದ ಆಳದ ಕಣಜ, ಈಗ ಖಾಲಿ. ಅದರಲ್ಲಿ ಯಂತ್ರವೊಂದನ್ನು ಇಳಿಸಬೇಕೆಂದು ಮಗಳು ಭಾಗ್ಯಜ್ಯೋತಿ ಕೇಳಿದಾಗ ಕಸ್ತೂರೆವ್ವ, "ಇಳಸವಾ, ಇಲಿ ಸೇರೂಕಿಂತ ಅದ ಚಲೋ," ಎಂದಳು.

ಭಾಗ್ಯಜ್ಯೋತಿ ಮತ್ತು ಅವಳ ಗೆಳತಿ, ಮುದ್ದೇಬಿಹಾಳದ ಸಗೀರಾ, ನ್ಯೂಟ್ರಿನೊ ಪ್ರಯೋಗದ ತಂಡವೊಂದರಲ್ಲಿ ಸಂಶೋಧಕಿಯರು. ನ್ಯೂಟ್ರಿನೊ ಎಂಬ ಕಣ ದಾರಿಯುದ್ದಕ್ಕೂ ವೇಷ ಬದಲಿಸುತ್ತ ಇಡೀ ಭೂಮಿಯನ್ನೇ ತೂರಿ ಹೋಗುತ್ತದೆ. ಅದರ ಜಾಡು ಹಿಡಿಯಬೇಕಾದರೆ ಮೊದಲು ಆಕಾಶದಿಂದ ಸದಾ ಸುರಿಯುವ ಬೇರೆ ಕಣಗಳನ್ನು ಗುರುತಿಸಿ ಬದಿಗಿಡಬೇಕು. ಆ ಕೆಲಸಕ್ಕೆಂದು ತಂಡ ಹೊಸದಾಗಿ ಮಾಡಿದ ಪ್ಲಾಸ್ಟಿಕ್ ಹಲಗೆಯನ್ನು ಇಬ್ಬರೂ ಪರೀಕ್ಷಿಸಲು ತಂದಿದ್ದರು. ಕಣ ತೂರಿದಾಗ ಹಲಗೆಯೊಳಗೆ ಸಣ್ಣದೊಂದು ಮಿಂಚು ಹೊಳೆಯುತ್ತದೆ, ಯಂತ್ರ ಅದನ್ನು ಎಣಿಸುತ್ತದೆ. ಹೊರಗಿನ ಬೆಳಕು ಸೋಕಬಾರದೆಂದು ಹಲಗೆಗೆ ಕಪ್ಪು ಹಾಳೆ ಸುತ್ತಿದ್ದರು. ಹಿಂದಿನ ದಿನ ಪಡಸಾಲೆಯಲ್ಲಿಟ್ಟು ಎಣಿಸಿದ್ದರು; ಮಣ್ಣಿನಡಿಯಲ್ಲಿ ಆ ಎಣಿಕೆ ಎಷ್ಟು ಇಳಿಯುತ್ತದೆಂದು ಈಗ ನೋಡಬೇಕಿತ್ತು.

ಕೆಟ್ಟ ಗಾಳಿ ಹೋಗಲೆಂದು ಹಗೇವಿನ ಬಾಯಿ ತೆರೆದಿಟ್ಟು, ಆಮೇಲೆ ಹಲಗೆ ಇಳಿಸಿ, ಕಲ್ಲು ಮುಚ್ಚಿದರು.

ಕಸ್ತೂರೆವ್ವನ ಮೈದುನ ಬಸಂತರಾಯನಿಗೆ ಊರಿನ ಯಾವ ಗಡಿಗೆಯ ಮುಚ್ಚಳ ಕಂಡರೂ ಎತ್ತಿ ನೋಡದೆ ಜೀವ ತಡೆಯುತ್ತಿರಲಿಲ್ಲ.

"ವೈನಿ, ಒಳಗ ಏನ್ ಇಟ್ಟಾರ್ರಿ?"

"ಯಾರಿಗೂ ಹೇಳಬಾರದಂತ," ಎಂದಳು ಕಸ್ತೂರೆವ್ವ ನಗು ತಡೆದುಕೊಂಡು. ಹಾಗಂತ ಅವಳಿಗೆ ಯಾರೂ ಹೇಳಿರಲಿಲ್ಲ.

ಮಧ್ಯಾಹ್ನ ಗೆಳತಿಯರು ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದಾಗ, ಶಾಂತವಾಗಿದ್ದ ಎಣಿಕೆ ಒಮ್ಮೆಲೇ ಹುಚ್ಚೆದ್ದು ಜಿಗಿಯಿತು. ಇಳಿಯಿತು. ಮತ್ತೆ ಜಿಗಿಯಿತು.

"ಇದಕ್ಕೇನು ದೆವ್ವ ಹೊಕ್ಕತೇನ?" ಎಂದಳು ಸಗೀರಾ.

ಭಾಗ್ಯಜ್ಯೋತಿ ಕಿಟಕಿಯಿಂದ ಇಣುಕಿದಳು. ಮುಚ್ಚಿದ್ದ ಕಲ್ಲು ಸರಿದಿತ್ತು. ಬಸಂತರಾಯ ಬೋರಲು ಮಲಗಿದ್ದ. ತಲೆ ಮತ್ತು ಬ್ಯಾಟರಿ ಹಿಡಿದ ಕೈ ಹಗೇವಿನೊಳಗೆ, ಧೋತರದ ಕಾಲು ಹೊರಗೆ.

ಸಗೀರಾ ಮೆಲ್ಲಗೆ ಹೋಗಿ ಅವನ ಹಿಂದೆ ನಿಂತಳು. "ಏನ್ ಕಳಕೊಂಡೀರಿ ಕಾಕಾ?"

ಬಸಂತರಾಯ ಬೆಚ್ಚಿ ಎದ್ದು ಕೂತ. "ಬೆಕ್ಕು ಒದರಾಕತ್ತಿತ್ತವಾ. ಒಳಗ ಬಿದ್ದೈತೇನಂತ ನೋಡಾಕತ್ತಿದ್ದೆ."

"ನಮ್ಮನ್ಯಾಗ ಬೆಕ್ಕ ಇಲ್ಲಲ್ಲೋ!" ಬಾಗಿಲಿನಿಂದ ಕಸ್ತೂರೆವ್ವನ ದನಿ ಬಂತು.

ಎಲ್ಲರೂ ನಕ್ಕರು. ಭಾಗ್ಯಜ್ಯೋತಿಯ ನಗು ಮಾತ್ರ ಅರ್ಧಕ್ಕೇ ನಿಂತಿತು. ಸುತ್ತಿದ ಹಾಳೆ ಸರಿಯಿದ್ದರೆ ಬ್ಯಾಟರಿ ಬೆಳಕಿಗೆ ಎಣಿಕೆ ಏಕೆ ಏರಬೇಕು? ಹಾಗಾದರೆ ನಿನ್ನೆ ಪಡಸಾಲೆಯಲ್ಲಿ ಎಣಿಸಿದ್ದನ್ನೂ ನಂಬುವಂತಿಲ್ಲ. ಹಲಗೆಯನ್ನು ಮೇಲೆತ್ತಿ ನೋಡಿದರು. ವೈರು ಹೊರಬರುವ ಮೂಲೆಯಲ್ಲಿ ಹಾಳೆ ತುಸು ಹರಿದಿತ್ತು. ಬಸಂತರಾಯ ಇಣುಕದಿದ್ದರೆ ಆ ತಪ್ಪು ಲೆಕ್ಕವೇ ತಂಡಕ್ಕೆ ಹೋಗುತ್ತಿತ್ತು.

ಕಪ್ಪು ಟೇಪು ಬಿಗಿಯಾಗಿ ಸುತ್ತಿ ಹಲಗೆಯನ್ನು ಮತ್ತೆ ಇಳಿಸಿದರು.

"ಕಾಕಾ, ಇನ್ನೊಮ್ಮೆ ಕಳ್ಳತನ ಮಾಡ್ರಿ," ಎಂದಳು ಸಗೀರಾ.

"ನಾ ಏನ್ ಕಳ್ಳೇನವಾ?"

"ಅಲ್ರಿ. ಬ್ಯಾಟ್ರಿ ಹಿಡದು ಒಳಗ ಇಳೀರಿ. ಎಲ್ಲಾ ಕಡೆ ಬೆಳಕ ಬಿಡ್ರಿ."

ಕದ್ದು ನೋಡಬೇಕೆಂದಿದ್ದನ್ನು ಅವರೇ ಕರೆದು ತೋರಿಸಿದ ಮೇಲೆ ಅವನ ಅರ್ಧ ಹುರುಪು ಇಳಿಯಿತು. ಆದರೂ ಏಣಿ ಇಳಿದು ಬ್ಯಾಟರಿ ಹಾಕಿದ. ಎಣಿಕೆ ಜಪ್ಪಯ್ಯ ಅನ್ನಲಿಲ್ಲ.

"ಏನಾತು?" ಹಗೇವಿನೊಳಗಿಂದ ಕೂಗಿದ.

"ಏನೂ ಆಗಲಿಲ್ರಿ ಕಾಕಾ!" ಭಾಗ್ಯಜ್ಯೋತಿ ಸಗೀರಾಳ ಕೈ ಹಿಡಿದು ಗಿರಕಿ ಹೊಡೆದಳು.

"ಏನೂ ಆಗಲಿಲ್ಲಂದ್ರ ಯಾಕ ಕುಣ್ಯಾಕತ್ತೀರಿ?"

"ಏನೂ ಆಗಬಾರದಿತ್ರಿ. ಬೆಳಕು ಒಳಗ ಹೋಗಂಗಿಲ್ಲಂತ ಗೊತ್ತಾತು!"

ಬಸಂತರಾಯನಿಗೆ ಅದು ತನಗೇ ಹಾಕಿದ ಸವಾಲಿನಂತೆ ಕಂಡಿತು. ಹಲಗೆಯ ಆ ಬದಿ, ಈ ಬದಿ, ಮಂಡಿಯೂರಿ ಅಡಿಗೂ ಬ್ಯಾಟರಿ ಬಿಟ್ಟ. ಎಣಿಕೆ ಅಲುಗಲಿಲ್ಲ.

"ಚಾ ಆರಾಕತ್ತೈತಿ, ಮ್ಯಾಲ ಬಾರಪಾ," ಎಂದು ಕಸ್ತೂರೆವ್ವ ಕರೆದಳು.

"ನಿಲ್ರಿ ವೈನಿ," ಎಂದ ಅವನು, "ಇನ್ನೊಂದು ಮೂಲಿ ಉಳದೈತಿ."