‘ಬೇ’ಗೆ ನಿಂತ ಶಾಯಿ

ಸಿಂಕಿನ ಬಿಳುಪಿನ ಮೇಲೆ ನೀಲಿ ಎಳೆಯೆಳೆಯಾಗಿ ಬಿಚ್ಚಿಕೊಳ್ಳುತ್ತಿದೆ, ಅಬ್ಬ, ಎಷ್ಟು ಶಾಯಿ ಒಳಗೇ ಒಣಗಿ ಕೂತಿತ್ತು, ಇನ್ನೂ ಬರುತ್ತಲೇ ಇದೆ, ಅವಳು ನಲ್ಲಿಯನ್ನು ಸಣ್ಣಗೆ ಮಾಡಿದಳು — ಬಿಸಿನೀರು ಬೇಡ ಕಣೇ, ಹಳೇ ಪೆನ್ನು, ಸೊಟ್ಟಗಾಗುತ್ತೆ, ಉಗುರುಬೆಚ್ಚಗಿದ್ರೆ ಸಾಕು — ಅಪ್ಪ ಹಾಗೆ ಹೇಳುತ್ತಿದ್ದದ್ದು ಗಂಟಲು ನೆಟ್ಟಗಿದ್ದಾಗ, ಈಗ ಆ ಗಂಟಲಲ್ಲಿ ಕೊಳವೆ, ತಲೆ ಅಲ್ಲಾಡದಂತೆ ಕತ್ತಿನ ಸುತ್ತ ಪಟ್ಟಿ, ಇನ್ನೊಂದು ಆಪರೇಷನ್ ಮಾಡಿ ನೋಡಬಹುದು, ಮಾತು ಬಂದರೂ ಬರಬಹುದು, ಗ್ಯಾರಂಟಿ ಕೊಡೋಕಾಗಲ್ಲಮ್ಮ, ಜೀವಕ್ಕೂ ಅಷ್ಟೆ, ಅವರನ್ನೇ ಕೇಳಿ ಸಂಜೆಯೊಳಗೆ ಫೋನ್ ಮಾಡಿ, ಡಾಕ್ಟರು ಅವಳ ಮುಖ ನೋಡದೆ ಹೇಳಿದ್ದರು. ಕೇಳಿದಳು. ಅಪ್ಪ ಹಾಳೆಯ ಮೇಲೆ ಬರೆದ, ನನಗೆ ಈ ಆಪರೇಷನ್, ಆಮೇಲೆ ಬೇ, ಅಷ್ಟೆ, ಪೆನ್ನು ಕಾಗದ ಕೆರೆಯಿತು, ನಿಂತಿತು, ಜಾಡಿಸಿದರೆ ತೊಟ್ಟೆಂದು ಒಂದು ದಪ್ಪ ಹನಿ ಹೊದಿಕೆಯ ಮೇಲೆ. ಬರೆ ಎಂದರೆ ಬರೆಯದು, ಸುಮ್ಮನಿರು ಎಂದರೆ ಸೋರುತ್ತದೆ. ಬೇ. ಬೇಕು ಎಂದೋ ಬೇಡ ಎಂದೋ.

ಬಾಲ್ ಪೆನ್ ಕೊಡೇ ಅಕ್ಕ, ಆ ಮ್ಯೂಸಿಯಂ ಸಾಮಾನು ಇಟ್ಕೊಂಡು ಏನು ಮಾಡ್ತೀಯ — ಫೋನಿನಲ್ಲಿ ತಮ್ಮ. ಬಾಲ್ ಪೆನ್ ಒತ್ತೋಕೆ ಅಪ್ಪನ ಕೈಯಲ್ಲಿ ಶಕ್ತಿ ಎಲ್ಲಿದೆಯೋ, ಎಂದಳು, ಇದಾದ್ರೆ ಸುಮ್ನೆ ಮುಟ್ಟಿಸಿದ್ರೆ ಸಾಕು. ಸರಿ ಬಿಡು, ಎಂದ ಅವನು, ಕಣ್ಣಲ್ಲೇ ಹೇಳಲಿ, ಒಂದ್ಸಲ ಮಿಟುಕಿಸಿದ್ರೆ ಬೇಕು, ಎರಡ್ಸಲ ಅಂದ್ರೆ ಬೇಡ. ಹೂಂ ಕಣೋ, ಎಂದಳು, ಎಂದವಳು ಅಪ್ಪನನ್ನು ಕೇಳಲಿಲ್ಲ, ಪೆನ್ನು ಎತ್ತಿಕೊಂಡು ಅಡುಗೆಮನೆಗೆ ಓಡಿಬಂದಳು, ಪೆನ್ನಿನ ನೆಪ, ಎರಡು ಸಲ ಮಿಟುಕಿಸಿಬಿಟ್ಟರೆ? ಒಂದೇ ಸಲ ಮಿಟುಕಿಸಿ, ಆಪರೇಷನ್ ಟೇಬಲ್ಲಿನ ಮೇಲೆ ಮಲಗಿದವನು ಏಳದೇ ಹೋದರೆ? ನಿಬ್ಬನ್ನು ಬಟ್ಟೆಯಲ್ಲಿ ಹಿಡಿದು ಎಳೆದಳು, ಜೊತೆಗೇ ಅದರ ಕೆಳಗಿನ, ಶಾಯಿ ಹರಿಸುವ ಕರಿ ತುಂಡೂ ಬಂತು, ಅಪ್ಪ ಅದನ್ನು ನಾಲಿಗೆ ಎನ್ನುತ್ತಿದ್ದ, ಇದರ ಗೀರಲ್ಲಿ ಕಸ ಕೂತ್ರೆ ಮಾತು ಬಂದ್, ಎಂದು ನಗುತ್ತಿದ್ದ, ಈ ಪೆನ್ನಲ್ಲೇ ಎಷ್ಟು ಮನೆಗಳ ನಕ್ಷೆಗೆ ಹೆಸರು ಬರೆದ, ಬಾಗಿಲು, ಕಿಟಕಿ, ಮೆಟ್ಟಿಲು, ಅವನ ಜೇಬಿನ ಮೇಲೆ ಒಂದೇ ಒಂದು ಕಲೆ ಇದ್ದದ್ದೂ ಅವಳಿಗೆ ನೆನಪಿಲ್ಲ. ಬ್ಲೇಡಿನ ಅಂಚನ್ನು ಗೀರಿನೊಳಗೆ ಆಡಿಸಿದಳು, ಮೆಲ್ಲಗೆ, ಅಯ್ಯೋ ಮೆಲ್ಲಗೆ, ಡಾಕ್ಟರೂ ಬ್ಲೇಡನ್ನು ಇಷ್ಟು ಮೆಲ್ಲಗೆ ಆಡಿಸುತ್ತಾರೋ ಏನೋ, ಕಪ್ಪು ಹೊಟ್ಟಿನಂಥದ್ದು ಉದುರಿತು. ಇನ್ನು ಸೋರಿಕೆ, ತಿರುಪಿನ ಹತ್ತಿರ, ಒರೆಸಿ ವ್ಯಾಸಲೀನ್ ಸವರಿದಳು, ಅರ್ಧಂಬರ್ಧ ತುಂಬಿದ್ರೆ ಕೈಶಾಖಕ್ಕೆ ಒಳಗಿನ ಗಾಳಿ ಹಿಗ್ಗಿ ಕಕ್ಕುತ್ತೆ ಕಣೇ, ಕಂಠಪೂರ್ತಿ ಕುಡಿಸು ಅದಕ್ಕೆ, ಅಪ್ಪ ಎನ್ನುತ್ತಿದ್ದ — ಕುಡಿಸಿದಳು, ತಿರುಗಿಸಿ ಬಿಗಿ ಮಾಡಿದಳು, ಹಳೆ ಬಿಲ್ಲಿನ ಹಿಂದೆ ಗೀಚಿದಳು, ನೀಲಿ ಸರಾಗವಾಗಿ ಓಡಿತು. ಸರಿಹೋಯಿತು. ಇನ್ನು ನೆಪವಿಲ್ಲ.

ಅಪ್ಪಾ, ಬರೀತಿದೆ ನೋಡು. ಕಣ್ಣು ಬಿಟ್ಟ. ಬೆರಳ ನಡುವೆ ಪೆನ್ನಿಟ್ಟಳು, ಹಾಳೆ ಹಿಡಿದಳು, ತಾನು ಮಾತ್ರ ಕಿಟಕಿಯ ಕಡೆ ತಿರುಗಿದಳು, ಎದುರು ಮನೆಯ ತಾರಸಿಯಲ್ಲಿ ಯಾರೋ ಬಟ್ಟೆ ಹಿಂಡುತ್ತಿದ್ದಾರೆ, ಹಿಂಡಲಿ, ಇನ್ನೂ ಹಿಂಡಲಿ, ಕೆರೆತದ ಸದ್ದಿಲ್ಲ, ಹಾಳೆ ಅವಳ ಬೆರಳಡಿ ಸಣ್ಣಗೆ ಅದುರುತ್ತಿದೆ, ನಿಂತಿತು, ಮತ್ತೆ ಅದುರಿತು, ಇಷ್ಟುದ್ದ ಏನು ಬರೆಯುತ್ತಿದ್ದಾನೆ, ಬೇಡ ಎನ್ನಲು ಇಷ್ಟು ಹೊತ್ತೆ — ನೋಡಿದಳು. ಬೇ ಆದಮೇಲೆ ಗ. ಬೇಗ ಮಾಡಿಸು. ಅದರ ಕೆಳಗೆ ಸೊಟ್ಟಸೊಟ್ಟಗೆ, ಕಾಯೋಕೆ ಹೆದರಿಕೆ. ಅಪ್ಪನಿಗೆ. ತನ್ನ ದಿಗಿಲನ್ನೇ ತಿಕ್ಕಿ ತೊಳೆಯುತ್ತ ಸಿಂಕಿನ ಮುಂದೆ ನಿಂತಿದ್ದಷ್ಟು ಹೊತ್ತೂ ಈ ಮನುಷ್ಯ ಇಲ್ಲಿ, ಒಬ್ಬನೇ — ಫೋನ್ ಎತ್ತಬೇಕು, ಡಾಕ್ಟರಿಗೆ ಹೇಳಬೇಕು, ಏನೆಂದು, ಹೂಂ ಎಂದು, ಎತ್ತಬೇಕು, ಹೆದರಿಕೆ, ಆ ಕೊನೆಯ ಕೆ, ಇನ್ನೂ ಒದ್ದೆ, ಹೊಳೆಯುತ್ತಿದೆ, ಒಣಗುತ್ತಿಲ್ಲ.