ಎತ್ತಿ ತಳ್ಳಬೇಕಾದ ಬಾಗಿಲು

ಆಡಿದ ಮಾತಿನ ಕೊನೆಗೆ ‘ಬರ್ಕೊಳ್ಳಿ’ ಎಂದು ಸೇರಿಸುವುದು ನಮ್ಮ ಶಾಸಕರ ರೂಢಿಯಾಗಿತ್ತು. ಬರೆದುಕೊಳ್ಳುವವರು ಎದುರಿಗಿದ್ದರೂ ಸರಿ, ಇಲ್ಲದಿದ್ದರೂ ಸರಿ. ಒಮ್ಮೆ ನಾನು ಕೊಟ್ಟ ನೀರು ಕುಡಿದು, “ನಿಮ್ಮ ಬಾವಿ ನೀರು ಸಿಹಿ ಅಕ್ಕಾ, ಬರ್ಕೊಳ್ಳಿ” ಎಂದಿದ್ದರು. ನಡಿಗೆಯೂ ಅದಕ್ಕೆ ತಕ್ಕುದೇ. ಎಡಗಡೆಯಿಂದ ಯಾರೋ ಫೋಟೋ ತೆಗೆಯುತ್ತಿರುವಂತೆ ಗಲ್ಲವನ್ನು ಅತ್ತ ತಿರುಗಿಸಿಕೊಂಡೇ ನಡೆಯುತ್ತಿದ್ದುದರಿಂದ, ನಮ್ಮ ಮೆಟ್ಟಿಲ ತಿರುವಿನಲ್ಲಿ ಬಲಭುಜ ಗೋಡೆಯನ್ನು ಸವರಿ, ಅವರ ಬೂದುಬಣ್ಣದ ಕೋಟಿಗೆ ಸದಾ ಒಂದಿಷ್ಟು ಸುಣ್ಣ ಮೆತ್ತಿರುತ್ತಿತ್ತು.

ನಮ್ಮ ಮಹಡಿಯನ್ನು ಅವರು ಬಾಡಿಗೆಗೆ ಹಿಡಿದದ್ದು ಚುನಾವಣೆಗೆ ಮುಂಚೆ. ಕ್ಷೇತ್ರದಲ್ಲೇ ವಾಸವಿರದವರು ಅದರ ಶಾಸಕರಾಗಿ ಉಳಿಯುವಂತಿಲ್ಲ ಎಂಬ ಹೊಸ ನಿಯಮ ಆಗಷ್ಟೇ ಬಂದಿತ್ತು. ಹೆಂಡತಿ, ಮಗಳು, ಮಲಗುವ ಮಂಚ ಎಲ್ಲವೂ ಇದ್ದದ್ದು ರಾಜಧಾನಿಯ ಮನೆಯಲ್ಲಿ. ಇಲ್ಲಿಗೆ ತಪ್ಪದೆ ಬರುತ್ತಿದ್ದವರು ಊರಿನ ಪತ್ರಿಕೆಯ ಸಂಪಾದಕರು. ತಮ್ಮ ಮನೆಯಲ್ಲಿ ಮಕ್ಕಳ ಗಲಾಟೆಯೆಂದು, ಶಾಸಕರೇ ಕೊಟ್ಟ ಇನ್ನೊಂದು ಕೀಲಿಕೈಯಿಂದ ಬಾಗಿಲು ತೆಗೆದು, ಮೇಲೆ ಕೂತು ಬರೆಯುತ್ತಿದ್ದರು. ಶಾಸಕರು ಬಂದ ದಿನ ಸಂಪಾದಕರೇ ಬಾಗಿಲು ತೆರೆದು, ಅವರನ್ನು ಕಿಟಕಿಯ ಬಳಿ ಕೂರಿಸಿ, ಕೈಗೆ ಚಹಾ ಕೊಟ್ಟು, ಫೋಟೋ ತೆಗೆಯುತ್ತಿದ್ದರು. ‘ಸೂರ್ಯೋದಯದ ಜೊತೆ ಏಳುವ ನಾಯಕ’ ಎಂದು ಮಾರನೆಯ ದಿನ ಅಚ್ಚಾಗುತ್ತಿತ್ತು. ಆ ಕಿಟಕಿ ಪಡುವಣಕ್ಕಿದೆಯೆಂದು ಬೀದಿಗೆಲ್ಲ ಗೊತ್ತು.

ನಸುಕಿನ ಪ್ರಾರ್ಥನೆಗೆ ಕೂತಾಗ ಮಹಡಿಯ ಸದ್ದು ನನ್ನ ಕಿವಿಗೆ ಬೀಳುತ್ತದೆ. ಹಿಂದೆ ಅಲ್ಲಿದ್ದ ದರ್ಜಿ ದಂಪತಿ ಕೊಡ ಇಳಿಸುವುದು, ಕೆಮ್ಮುವುದು, ಸಣ್ಣಗೆ ಜಗಳವಾಡುವುದು ಎಲ್ಲ ಕೇಳಿಸುತ್ತಿತ್ತು. ಇವರ ಕಾಲದಲ್ಲಿ ಬರೀ ನಿಶ್ಶಬ್ದ.

ಕೊನೆಗೆ, ಶಾಸಕರು ಇಲ್ಲಿ ವಾಸವೇ ಇಲ್ಲವೆಂದು ಯಾರೋ ದೂರು ಕೊಟ್ಟರು; ವಿಚಾರಣೆಯ ಅಧಿಕಾರಿ ಬಂದರು. ಹೊಗಳಿ ಬರೆಯಲು ಸಂಪಾದಕರೂ ಹಿಂದೆಯೇ ಬಂದಿದ್ದರು. ನಮ್ಮ ಮಹಡಿಯ ಬಾಗಿಲು ತೇವಕ್ಕೆ ಉಬ್ಬಿ ಕೆಳಗೆ ಕುಸಿದಿದೆ. ಹಿಡಿಕೆ ಹಿಡಿದು ತುಸು ಎತ್ತಿ ತಳ್ಳದ ಹೊರತು ಜಪ್ಪಯ್ಯ ಅಂದರೂ ತೆರೆಯುವುದಿಲ್ಲ. ಶಾಸಕರು ಬೀಗ ತೆಗೆದು ತಳ್ಳಿದರು, ಭುಜ ಕೊಟ್ಟು ನೂಕಿದರು, ಪಕ್ಕದ ಗೋಡೆ ತಾಗಿ ಕೋಟಿಗೆ ಇನ್ನಷ್ಟು ಸುಣ್ಣವಾಯಿತು. ತಾಳಲಾರದೆ ಸಂಪಾದಕರು ಹಿಂದಿನಿಂದ, “ಅಣ್ಣಾ, ಸ್ವಲ್ಪ ಎತ್ತಿ ತಳ್ಳಿ” ಎಂದುಬಿಟ್ಟರು.

ಅಧಿಕಾರಿ ತಿರುಗಿ ಅವರನ್ನು ನೋಡಿದರು. “ಹಾಗಾದ್ರೆ ಇಲ್ಲಿ ವಾಸ ಇರೋದು ನೀವು ಅನ್ನಿ.”

ನನ್ನನ್ನೂ ಕೇಳಿದರು. ಬಾಡಿಗೆ ಶಾಸಕರೇ ಕೊಡುತ್ತಾರೆ, ಆದರೆ ಬೆಳಗಿನ ಹೊತ್ತು ಮೇಲೆ ಹೆಜ್ಜೆ ಸದ್ದು ಕೇಳಿದ ನೆನಪಿಲ್ಲ ಎಂದೆ. ಶಾಸಕರು ಸಿಟ್ಟಾಗಲಿಲ್ಲ, ಮೊದಲ ಸಲ ಗಲ್ಲ ತಿರುಗಿಸದೆ ನನ್ನನ್ನು ನೇರವಾಗಿ ನೋಡಿದರು.

ಸ್ಥಾನ ಹೋಯಿತು. ಇನ್ನು ಮಹಡಿ ಖಾಲಿಯಾಗುತ್ತದೆ ಎಂದುಕೊಂಡಿದ್ದೆ. ಒಂದು ಸಂಜೆ ಅವರು ಒಂದೇ ಚೀಲ ಹಿಡಿದು, ಬಸ್ಸಿಳಿದು ನಡೆದು ಬಂದರು. ತಾವಾಗಿಯೇ ಮೆಟ್ಟಿಲ ಮೇಲೆ ಕೂತು ಹೇಳಿದರು: “ರಾಜಧಾನಿ ಮನೇಲಿ ನಾನು ನೆಂಟ ಅಕ್ಕಾ. ಹೋದ ತಕ್ಷಣ, ಯಾವಾಗ ಹೊರಡ್ತೀರಿ ಅಂತ ಕೇಳ್ತಾರೆ.” ಕ್ಷೇತ್ರದಲ್ಲಿದ್ದೇನೆಂದು ಅಲ್ಲಿಯೂ, ಮನೆಗೆ ಹೋಗಬೇಕೆಂದು ಇಲ್ಲಿಯೂ ಹೇಳಿಕೊಳ್ಳುತ್ತಾ, ಅವರ ಆಯುಷ್ಯವೆಲ್ಲ ನಡುವಿನ ದಾರಿಯಲ್ಲೇ ಸವೆದಿತ್ತು. ಎದ್ದು ಹೋಗಿ, ಯಾರೂ ಹೇಳಿಕೊಡದೆ, ಬಾಗಿಲನ್ನು ಎತ್ತಿ ತಳ್ಳಿದರು.

ಈಗ ನಸುಕಿನಲ್ಲಿ ಮೇಲೆ ಹೆಜ್ಜೆ ಸದ್ದು ಕೇಳಿಸುತ್ತದೆ. ಸಂಪಾದಕರಿಗೆ ಅವರು ಫೋನ್ ಮಾಡಿದ್ದೂ ಕೇಳಿಸಿತು: “ಈಗ ನಿಜವಾಗ್ಲೂ ಇಲ್ಲೇ ಇದ್ದೀನಪ್ಪಾ, ಬಾ.” ಸಂಪಾದಕರು ಬರಲಿಲ್ಲ. ಪೇಪರ್ ಹಾಕುವವನ ಕೈಲಿ ತಮ್ಮ ಬಳಿಯಿದ್ದ ಕೀಲಿಕೈಯನ್ನು ಕಳಿಸಿಕೊಟ್ಟರು. ಅದನ್ನು ಸುತ್ತಿದ್ದ ಪತ್ರಿಕೆಯ ಹಾಳೆಯಲ್ಲಿ ಹೊಸ ಶಾಸಕಿ ಯಾವುದೋ ಕಿಟಕಿಯ ಬಳಿ ಕೂತು ಚಹಾ ಕುಡಿಯುತ್ತಿದ್ದರು.

ಮೊನ್ನೆ ನೀರಿಗೆಂದು ಇಳಿದು ಬಂದವರು, “ಬಾಗಿಲು ಈಗ ಒಂದೇ ಸಲಕ್ಕೆ ತೆರ್ಕೊಳ್ಳುತ್ತೆ ಅಕ್ಕಾ” ಎಂದರು. ಮುಂದಿನ ಮಾತು ತುಟಿಯವರೆಗೆ ಬಂದು ಹಿಂದಿರುಗಿತು. ತಾವು ಬದುಕಿರುವುದಕ್ಕೆ ಪರರ ಬರಹವನ್ನೇ ಸಾಕ್ಷಿಯಾಗಿ ನೆಚ್ಚಿದವರು ಇಂಥವರು. ಒಂದು ದಿನ ನಿಜವಾಗಿ ಬದುಕತೊಡಗಿದಾಗ ಅದನ್ನು ಯಾರಿಗೆ ಹೇಳುವುದೆಂದು ತಿಳಿಯದೆ ಮೆಟ್ಟಿಲ ಮೇಲೆ ನಿಂತುಬಿಡುತ್ತಾರೆ. ದೇವರಿಗೆ ಹೇಳಬಹುದು. ಆದರೆ ಅವನು ಬರೆದುಕೊಳ್ಳುತ್ತಾನೋ ಇಲ್ಲವೋ ಎಂಬ ಅನುಮಾನ ಅವರನ್ನು ಬಿಡುವುದಿಲ್ಲ.