ರಸ್ತೆ ಕೇಂದ್ರದ್ದು, ನೀರು ರಾಜ್ಯದ್ದು

ಶಿಗ್ಗಾಂವಿ ದಾಟಿದ ಮೇಲೆ ಹೆದ್ದಾರಿಯ ಪಕ್ಕದಲ್ಲಿ ಫಕ್ಕೀರವ್ವನ ಖಾನಾವಳಿ ಇದೆ. ಹೋದ ಮಳೆಗಾಲದಲ್ಲಿ ರಸ್ತೆಯಡಿಯ ಮೋರಿ ಕಟ್ಟಿಕೊಂಡು ಹೊಲಗಳ ನೀರೆಲ್ಲ ಒಳಕ್ಕೆ ನುಗ್ಗಿತು. ಗಿರಾಕಿಗಳು ಕೆಲವು ದಿನ ಬೆಂಚಿನ ಮೇಲೆ ಕಾಲು ಮಡಚಿ ಕೂತು ರೊಟ್ಟಿ ತಿಂದರು. ಆಮೇಲೆ ಬರುವುದನ್ನೇ ಬಿಟ್ಟರು.

ಪಕ್ಕದ ಪಂಕ್ಚರ್ ಅಂಗಡಿಯ ಖಲಂದರನನ್ನು ಕರೆದುಕೊಂಡು ಅವಳು ಹೆದ್ದಾರಿ ಕಚೇರಿಗೆ ಹೋದಳು. ಅಲ್ಲಿನ ಎಂಜಿನಿಯರ್ ಸಾಹೇಬರು ಬಹಳ ಓದಿಕೊಂಡವರು.

"ನೋಡವ್ವಾ, ಸಂವಿಧಾನದಾಗ ಅಧಿಕಾರ ಹಂಚ್ಯಾರ. ರಾಷ್ಟ್ರೀಯ ಹೆದ್ದಾರಿ ಕೇಂದ್ರದ್ದು, ನೀರು ರಾಜ್ಯದ್ದು. ನಿನ್ನ ಖಾನಾವಳ್ಯಾಗ ಹೊಕ್ಕಿದ್ದು ರಸ್ತೆನೋ, ನೀರೋ?"

"ನೀರ್ರಿ."

"ಮತ್ತ ಇಲ್ಲಿಗ್ಯಾಕ ಬಂದಿ?"

ರಾಜ್ಯದ ನೀರಾವರಿ ಕಚೇರಿಯ ಅಧಿಕಾರಿ ಕುರ್ಚಿ ಕೊಟ್ಟು ಕೂರಿಸಿದರು. ನೀರು ತಮ್ಮದೇ ಎಂದು ಒಪ್ಪಿಕೊಂಡರು ಕೂಡ.

"ಆದ್ರ ಅದು ಕಟ್ಟಿಕೊಂಡಿದ್ದು ಕೇಂದ್ರದ ಮೋರ್ಯಾಗ. ಅದಕ್ಕ ನಾವು ಕೈ ಹಚ್ಚಿದ್ರ ಒಕ್ಕೂಟ ವ್ಯವಸ್ಥಿಗೇ ಧಕ್ಕಿ!"

"ಇಬ್ಬರಿಗೂ ಕೂಡಿದ್ದು ಏನೂ ಇಲ್ಲೇನ್ರಿ?"

"ಐತಿ. ಸಮವರ್ತಿ ಪಟ್ಟಿ ಅಂತ. ಕಾಡು, ಸಾಲಿ, ಮದುವಿ, ಎಲ್ಲಾ ಅದರಾಗ ಅದಾವ. ನಿನ್ನ ಮೋರಿ ಇಲ್ಲ."

ಹೊರಗೆ ಬಂದ ಮೇಲೆ ಖಲಂದರ, "ಅಕ್ಕಾ, ಆ ಮೋರಿದೊಂದು ಮದುವಿ ಮಾಡಿಬಿಡೂಣು. ಇಬ್ಬರೂ ಬರ್ತಾರ" ಎಂದ. ಫಕ್ಕೀರವ್ವ ನಗಲಿಲ್ಲ. ಅವಳ ಜೋಳದ ಹಿಟ್ಟಿನ ಚೀಲ ಆಗಲೇ ನೆನೆದು ಮುದ್ದೆಯಾಗಿತ್ತು.

ಮರುದಿನ ಅವಳೇ ಸೀರೆ ಎತ್ತಿ ಕಟ್ಟಿ, ಹಾರೆ ಹಿಡಿದು ಮೋರಿಯ ಬಾಯಿಗಿಳಿದಳು. ಖಲಂದರ ಗೆಳೆಯನ ಟ್ರ್ಯಾಕ್ಟರಿಗೆ ಸರಪಳಿ ಬಿಗಿದು ಎಳೆಸಿದ. ಪ್ಲಾಸ್ಟಿಕ್ಕು, ಲಾರಿಯ ಟೈರು, ಹರಿದ ಗಾದಿ, ಸತ್ತ ನಾಯಿ ಎಲ್ಲ ಹೊರಬಂದವು. ಮಧ್ಯಾಹ್ನದ ಹೊತ್ತಿಗೆ ನೀರು ಭೋರೆಂದು ಹರಿದುಹೋಯಿತು.

ಇದಾದ ವಾರದೊಳಗೆ ಎರಡು ಜೀಪುಗಳು ಒಟ್ಟಿಗೇ ಬಂದು ನಿಂತವು. ಅನುಮತಿ ಇಲ್ಲದೆ ಕೇಂದ್ರದ ಆಸ್ತಿ ಅಗೆದದ್ದು ಅಪರಾಧ ಎಂದರು ಎಂಜಿನಿಯರ್ ಸಾಹೇಬರು. ಅನುಮತಿ ಇಲ್ಲದೆ ರಾಜ್ಯದ ನೀರು ಹರಿಸಿದ್ದೂ ಅಪರಾಧ ಎಂದರು ನೀರಾವರಿಯವರು.

"ಬೇಡಿಕೊಂಡು ಹೋದಾಗ ಒಬ್ಬರೂ ಇಲ್ಲ, ಬೈಯೂದಕ್ಕ ಇಬ್ಬರೂ ಹಾಜರ!" ಎಂದು ಖಲಂದರ ಗೊಣಗಿದ.

ಫಕ್ಕೀರವ್ವ ಕೈಮುಗಿದಳು. "ತಪ್ಪಾತ್ರಿ. ಹೊಲಸೆಲ್ಲಾ ಇಲ್ಲೇ ಗುಡ್ಡಿ ಹಾಕೇವಿ. ಈಗ ಮತ್ತ ತುರುಕಿ ಮುಚ್ಚಿಬಿಡ್ತೇನಿ. ಅಪ್ಪಣಿ ಕೊಡವ್ರು ನಿಮ್ಮಿಬ್ಬರಾಗ ಯಾರ್ರಿ?"

ಸಾಹೇಬರು ನೀರಾವರಿಯವರ ಮುಖ ನೋಡಿದರು. ನೀರಾವರಿಯವರು ಆಕಾಶ ನೋಡಿದರು. ಕೊನೆಗೆ, ಇದು ಸೂಕ್ಷ್ಮ ವಿಷಯವೆಂದೂ, ಒಬ್ಬರು ದಿಲ್ಲಿಗೆ, ಇನ್ನೊಬ್ಬರು ಬೆಂಗಳೂರಿಗೆ ಬರೆದು ಕೇಳುವುದಾಗಿಯೂ ಹೇಳಿ ಜೀಪು ಹತ್ತಿದರು.

ಉತ್ತರ ಇನ್ನೂ ಬಂದಿಲ್ಲ. ಈಗಂತೂ ಮಧ್ಯಾಹ್ನದ ಊಟಕ್ಕೆ ಫಕ್ಕೀರವ್ವನ ಖಾನಾವಳಿಯಲ್ಲಿ ಕೂರಲು ಜಾಗ ಸಿಗುವುದಿಲ್ಲ.